ಪ್ಯಾಕೆಟ್ ಈಸ್ಟ್ ಇಲ್ಲದ ಶಿರಾಜ್ ವೈನ್: ಮೂರು ಡ್ರಮ್ಮು ಮೂರು ನಮೂನಿ ಕೆಟ್ಟಾವ, ತಪ್ಪು ಎಲ್ಲಿ?

ಆಳಂದ_ಬಳ್ಳಿ:

ಎಲ್ಲರಿಗೂ ಶರಣು. ಆಳಂದ ಕಡೆ 20 ಗುಂಟೆ ಶಿರಾಜ್ ದ್ರಾಕ್ಷಿ ಅದ. ಕರಿ ನೆಲ, ಡಾಗ್‌ರಿಡ್ಜ್ ಬೇರಿನ ಮ್ಯಾಲ ಕಸಿ ಕಟ್ಟಿದ್ದು. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಸೋದು) ಆಗಿ ಈಗ ಕಾಳು ಬಣ್ಣ ತಿರಗಲಿಕ್ಕೆ ಹತ್ಯಾವ, ಕಟಾವಿಗೆ ಇನ್ನ ಆರು ವಾರ ಹಿಡಿಬಹುದು. ಸಣ್ಣ ವೈನರಿ ಪರವಾನಗಿ ಕೈಯಾಗ ಅದ. ಹಣ್ಣಿನಾಗ ಹೆಚ್ಚಿನದು ಮಾರತೀವಿ, ಐದು ಕ್ವಿಂಟಲ್ ಒಳಗ ನಾವೇ ವೈನ್ ಮಾಡತೀವಿ. ಪ್ಯಾಕೆಟ್ ಈಸ್ಟ್, ಗಂಧಕ (ವೈನ್ ಕೆಡದಂಗ ಹಾಕೋ ಸಲ್ಫೈಟ್), ಆಮ್ಲ ಏನೂ ಹಾಕಬಾರದು ಅನ್ನೋದು ಲೆಕ್ಕ.

ಹೋದ ಸಲದ ಅಂಕಿ ಇಲ್ಲಿ ಕೊಡತೀನಿ. ಕಟಾವು ಮಾರ್ಚ್ ಮೊದಲ ವಾರ, ಮುಂಜಾನಿ 9ರಿಂದ ಮಧ್ಯಾಹ್ನ 1ರ ತನಕ. ಬ್ರಿಕ್ಸ್ (ರಸದಾಗ ನೂರಕ್ಕ ಎಷ್ಟು ಸಕ್ಕರಿ ಅನ್ನೋ ಅಂಕಿ) 25, ಪಿಎಚ್ (ಏರಿದಷ್ಟೂ ಹುಳಿ ಕಡಿಮಿ) 3.95. 200 ಲೀಟರಿನ ಮೂರು ಪ್ಲಾಸ್ಟಿಕ್ ಡ್ರಮ್ಮು, ಒಂದೊಂದರಾಗ 160 ಕೆಜಿ. ದಿನಕ್ಕ ಎರಡು ಸಲ ಮ್ಯಾಲ ತೇಲಿದ ಸಿಪ್ಪೆ ಕೆಳಗ ಒತ್ತಿದ್ದು. ಬಿಸಿ ಎಷ್ಟಿತ್ತು ಅಂತ ಅಳದಿಲ್ಲ, ಡ್ರಮ್ಮಿಗೆ ಕೈ ಹಚ್ಚಿದ್ರ ಬೆಚ್ಚಗ ಹತ್ತತಿತ್ತು.

ಒಂದನೇ ಡ್ರಮ್ಮು ನಾಕು ದಿನ ಜೋರಾಗಿ ಕುದ್ದು (ಅಂದ್ರ ಹುದುಗಿ), ಹೈಡ್ರೋಮೀಟರ್ (ಸಾಂದ್ರತೆ ಅಳೆಯೋದು, ಸಕ್ಕರಿ ಮುಗದಂಗ ಅಂಕಿ ಇಳೀತದ) 1.022ಕ್ಕ ಬಂದು ನಿಂತೇ ಬಿಟ್ಟಿತು. ಎರಡನೇದು 0.996ರ ತನಕ ಇಳೀತು, ಆದ್ರ ಮೂರು ವಾರಕ್ಕ ಮ್ಯಾಲ ಬಿಳಿ ಪೊರೆ ಕಟ್ಟಿ ಶಿರ್ಕಾ (ವಿನೆಗರ್) ವಾಸನಿ ಹೊಡಿತು. ಮೂರನೇದು ಬಣ್ಣ ಛಲೋ, ಮೂಗಿಗೂ ಛಲೋ. ನುಂಗಿ ಹತ್ತಿಪ್ಪತ್ತು ಸೆಕೆಂಡ್ ಆದ ಮ್ಯಾಲ ನಾಲಗಿ ಹಿಂದ ಇಲಿ ಬಿಲದಂಥ ಒಂದು ರುಚಿ ಏಳತದ.

ಯಾವ್ಯಾವದಕ್ಕ ಏನು ಕಾರಣ? ಈ ಸಲ ಪ್ಯಾಕೆಟ್ ಇಲ್ಲದೆನೇ ಮಾಡಬೇಕಂದ್ರ ಎಲ್ಲಿಂದ ಶುರು ಮಾಡಲಿ?


ಹೆಪ್ಪಿನ_ಗಡಿಗಿ:

ರೋಗ ಮೂರು, ಬೇರು ಎರಡೇ: ಬಿಸಿ ಹಣ್ಣು ಮತ್ತ 3.95 ಪಿಎಚ್.

ಮಾರ್ಚಿನಾಗ 9ರಿಂದ 1ರ ತನಕ ಕೊಯ್ದ ಹಣ್ಣು ಡ್ರಮ್ಮಿಗೆ ಬೀಳೋವಾಗಲೇ 30 ಡಿಗ್ರಿ ದಾಟಿರ್ತದ. ಹೊರಗ ಶಾಖ ಹೋಗದಿದ್ರ, ಒಂದು ಬ್ರಿಕ್ಸ್ ಸಕ್ಕರಿ ಕುದಿಯೋದಕ್ಕ ರಸ ಒಂದು ಡಿಗ್ರಿಗಿಂತ ಜರಾ ಹೆಚ್ಚೇ ಏರತದ. 25 ಬ್ರಿಕ್ಸ್ ಅಂದ್ರ ನೀವೇ ಲೆಕ್ಕ ಹಾಕ್ರಿ. ಡ್ರಮ್ಮಿನ ಮೈಯಿಂದ ಒಂದಿಷ್ಟು ಶಾಖ ಹೋಗತದ ಖರೆ, ಆದ್ರ ಸಿಪ್ಪೆ ಟೊಪ್ಪಿಗಿ ಹಂಗ ಮ್ಯಾಲ ಎದ್ದು ಮುಚ್ಚತದಲ್ಲ, ಅದರ ಒಳಗ ಕೆಳಗಿನ ರಸಕ್ಕಿಂತ ಐದಾರು ಡಿಗ್ರಿ ಹೆಚ್ಚೇ ಇರ್ತದ. 35 ದಾಟಿದ್ರ ಈಸ್ಟ್ ಸುಸ್ತು, 38-40ಕ್ಕ ಸಾಯತದ. ಒಂದನೇ ಡ್ರಮ್ಮು ನಿಂತದ್ದು ಇದಕ್ಕೇ. ನಿಂತಾಗ ಲೀಟರಿಗೆ 60 ಗ್ರಾಮಿಗಿಂತ ಹೆಚ್ಚು ಸಕ್ಕರಿ ಉಳದಿತ್ತು. ಕೈ ಹಚ್ಚಿ ನೋಡೋದು ಬಿಡ್ರಿ. ಉದ್ದ ಕಡ್ಡಿ ಥರ್ಮಾಮೀಟರ್ ತಗೊಂಡು ಟೊಪ್ಪಿಗಿಯ ನಡುವಿಗೆ ಚುಚ್ಚಿ ಅಳೀರಿ, ಡ್ರಮ್ಮಿನ ಅಂಚಿಗೆ ಅಳೀಬ್ಯಾಡ್ರಿ. ಕೆಂಪು ವೈನಿಗೆ 24ರಿಂದ 28 ಛಲೋ. 30 ಮುಟ್ಟಿತಂದ್ರ ತಂಪು ಮಾಡಲಿಕ್ಕೆ ಶುರು ಮಾಡ್ರಿ, 32ರ ತನಕ ಕಾಯಬ್ಯಾಡ್ರಿ.

ಕಟಾವು ಮುಂಜಾನಿ 5ಕ್ಕ ಶುರು, 7ಕ್ಕ ಬಂದ್. ತಲಿಗೆ ಬ್ಯಾಟರಿ ಕಟ್ಕೊಂಡು ಕೊಯ್ಯೋದು. 20 ಕೆಜಿ ಕ್ರೇಟಿನಾಗ 15 ಕೆಜಿ ಮಾತ್ರ ತುಂಬ್ರಿ, ಕೆಳಗಿನ ಕಾಳು ಒಡದು ರಸ ಬಿಟ್ರ ಹುಳಿ ಅಲ್ಲೇ ಶುರು ಆಗತದ. ಹಕ್ಕಿ ಕುಕ್ಕಿದ್ದು, ಸೀಳಿದ್ದು, ಒಣಗಿ ಮನೂಕ ಆದದ್ದು, ಬೂಜು ಹತ್ತಿದ್ದು ಎಲ್ಲಾ ತೋಟದಾಗೇ ಆರಿಸಿ ಬಿಸಾಕ್ರಿ. ಗಂಧಕ ಹಾಕೋರು ಹತ್ತು ಕೆಟ್ಟ ಕಾಳು ಬಿಟ್ರ ನಡೀತದ, ನಿಮಗ ನಡಿಯಲ್ಲ. ಹಣ್ಣು ತೊಳಿಬ್ಯಾಡ್ರಿ.

ಈಗ ಹೆಪ್ಪಿನ ಮಾತು. ಪ್ಯಾಕೆಟ್ ಬ್ಯಾಡ ಅಂದ್ರ ‘ತಾನೇ ಕುದೀಲಿ’ ಅಂತ ಕೈ ಕಟ್ಟಿ ಕೂಡೋದಲ್ಲ. ಹಾಲು ತಾನೇ ಮೊಸರಾಗ್ಲಿ ಅಂತ ಯಾರೂ ಬಿಡೋದಿಲ್ಲ, ಛಲೋ ಮನಿಯಿಂದ ಹೆಪ್ಪು ತರತೀವಿ. ಹಂಗೇ ಇದೂ. ಸಿಪ್ಪೆ ಮ್ಯಾಲಿನ ಈಸ್ಟಿನಾಗ ಹೆಚ್ಚಿನವು ಕಾಡು ಜಾತಿ. ಮೊದಲ ಎರಡು ಮೂರು ದಿನ ಅವುಗಳದ್ದೇ ಆಟ, ಉಗುರಿನ ಬಣ್ಣದ ವಾಸನಿ ಬಿಡೋವೂ ಅವೇ. ಮದ್ಯದ ಅಂಶ ನೂರಕ್ಕ 4-5 ಆಗೋದ್ರಾಗ ಅವು ಬಹಳಷ್ಟು ಸಾಯತಾವ, ಆಮ್ಯಾಲ ಖರೆ ವೈನ್ ಈಸ್ಟ್ ಮ್ಯಾಲ ಬರತದ. ಹೆಪ್ಪು ಮಾಡೋದಂದ್ರ ಈ ಹೊಡೆದಾಟ ಸಣ್ಣ ಡಬ್ಬಿಯಾಗ ಮುಗಿಸಿ, ಗೆದ್ದದ್ದನ್ನ ಮಾತ್ರ ಡ್ರಮ್ಮಿಗೆ ಹಾಕೋದು.

ದೊಡ್ಡ ಕಟಾವಿಗೆ ಐದಾರು ದಿನ ಮೊದಲೇ ತೋಟದ ಮೂರು ಬ್ಯಾರೆ ಬ್ಯಾರೆ ಸಾಲಿನಿಂದ ಐದೈದು ಕೆಜಿ ಸಾಫ್ ಹಣ್ಣು ತರ್ರಿ. ಒಂದರಾಗ ಒಂದು ಕಲಸದೆ ಮೂರು ಸ್ಟೀಲ್ ಡಬ್ಬಿಯಾಗ ಕೈಯಿಂದ ಹಿಸುಕಿ ಹಾಕ್ರಿ, ಡಬ್ಬಿ ಮೂರನೇ ಎರಡು ಭಾಗ ಮಾತ್ರ ತುಂಬಲಿ. ಬಾಯಿಗೆ ಧೋತರದ ಬಟ್ಟಿ ಕಟ್ಟಿ 22-25 ಡಿಗ್ರಿ ಇರೋ ಕೋಣ್ಯಾಗ ಇಡ್ರಿ. ದಿನಕ್ಕ ನಾಕು ಸಲ ಕೈಯಾಡಸ್ರಿ, ಸಿಪ್ಪೆ ಒಣಗಬಾರದು. ಎರಡು ದಿನಕ್ಕ ಗುಳ್ಳಿ ಏಳತದ. ಉಗುರು ಬಣ್ಣ, ಶಿರ್ಕಾ, ಕೊಳೆತ ತತ್ತಿ ಇವುಗಳಾಗ ಒಂದು ವಾಸನಿ ಬಂದ್ರೂ ಆ ಡಬ್ಬಿ ಹೊರಗ ಚೆಲ್ರಿ, ಕನಿಕರ ಬ್ಯಾಡ. ಛಲೋ ಡಬ್ಬಿಯ ಸಾಂದ್ರತೆ 1.040ಕ್ಕ ಇಳದಾಗ ಹೆಪ್ಪು ತಯಾರು. ಅದಕ್ಕೂ ಕೆಳಗ ಇಳೀಲಿಕ್ಕೆ ಬಿಟ್ರ ಈಸ್ಟ್ ಹಸದು ಬಡಕಲಾಗತದ. 100 ಲೀಟರ್ ಹಿಸುಕಿದ ಹಣ್ಣಿಗೆ 3 ಲೀಟರ್ ಹೆಪ್ಪು ಸಾಕು. ಹೆಪ್ಪಿಗೂ ಡ್ರಮ್ಮಿಗೂ ಐದು ಡಿಗ್ರಿಗಿಂತ ಹೆಚ್ಚು ಫರಕ್ ಇರಬಾರದು.

ತೊಟ್ಟು ಬಿಡಸಲಿಕ್ಕೆ ಮಷೀನ್ ಬೇಕಂತಿಲ್ಲ. ದೊಡ್ಡ ತೂತಿನ ಪ್ಲಾಸ್ಟಿಕ್ ಕ್ರೇಟ್ ಡ್ರಮ್ಮಿನ ಬಾಯಿ ಮ್ಯಾಲ ಇಟ್ಟು ಗೊಂಚಲು ಉಜ್ಜಿದ್ರ ಕಾಳು ಕೆಳಗ, ತೊಟ್ಟು ಮ್ಯಾಲ. 200ರ ಡ್ರಮ್ಮಿಗೆ 140 ಕೆಜಿ ಹೆಚ್ಚು ಬ್ಯಾಡ. 160 ಹಾಕಿದ್ರ ಟೊಪ್ಪಿಗಿ ಬಾಯಿ ತನಕ ಏರತದ, ಸಣ್ಣ ನೊಣ ಕೂಡತಾವ, ಅವೇ ಶಿರ್ಕಾದ ಬ್ಯಾಕ್ಟೀರಿಯಾ ಹೊತ್ತು ತರೋವು. ಒತ್ತೋದು ದಿನಕ್ಕ ನಾಕು ಸಲ, ರಾತ್ರಿ ಮಲಗೋ ಮುಂದ ಒಂದು ಸಲ ಕಡ್ಡಾಯ.

ಇನ್ನೊಂದು. ರಿಫ್ರಾಕ್ಟೋಮೀಟರ್ (ಹನಿ ರಸದಾಗ ಬ್ರಿಕ್ಸ್ ನೋಡೋ ಉಪಕರಣ) ತೋಟದಾಗ ಮಾತ್ರ. ಕುದಿ ಶುರುವಾದ ಮ್ಯಾಲ ಮದ್ಯದಿಂದ ಅದು ಸುಳ್ಳು ಹೇಳತದ, ಸಕ್ಕರಿ ಪೂರಾ ಮುಗದ್ರೂ 7-8 ಬ್ರಿಕ್ಸ್ ತೋರಸತದ. ಡ್ರಮ್ಮಿಗೆ ಹೈಡ್ರೋಮೀಟರೇ.


ಕೆಮ್ಮಣ್ಣು_ಬೀದರ್:

ಮೇಲಿನವರು ಡ್ರಮ್ಮಿನ ಕಡೆಯಿಂದ ಹೇಳಿದ್ದಾರೆ, ನಾನು ಬಳ್ಳಿಯ ಕಡೆಯಿಂದ ಹೇಳುತ್ತೇನೆ. ಆಳಂದದವರು ಮೊದಲು ಮಾಡಬೇಕಾದ ಕೆಲಸ ಇಂದಿನದು, ಆರು ವಾರದ ನಂತರದ್ದಲ್ಲ.

ಪಿಎಚ್ 3.95 ಬಂದದ್ದು ಬರೀ ಬಿಸಿಲಿನಿಂದಲ್ಲ. ಬಿಸಿಗೆ ಹಣ್ಣಿನಲ್ಲಿರುವ ಮ್ಯಾಲಿಕ್ ಆಮ್ಲ ಕರಗಿಹೋಗುವುದು ನಿಜ. ಆದರೆ ಪೊಟ್ಯಾಷ್‌ನ ಪಾಲೂ ದೊಡ್ಡದು. ತಿನ್ನುವ ದ್ರಾಕ್ಷಿಯ ಅಭ್ಯಾಸದಲ್ಲಿ ಕಾಳು ಬಣ್ಣ ತಿರುಗುವಾಗ ಸಿಹಿ ಬರಲಿ ಎಂದು ಡ್ರಿಪ್‌ನಲ್ಲಿ 0:0:50 ಎಂಬ ಪೊಟ್ಯಾಷ್ ಗೊಬ್ಬರ ಬಿಡುತ್ತಾರೆ. ವೈನ್ ದ್ರಾಕ್ಷಿಗೆ ಅದೇ ವಿಷ. ಕರಿ ಮಣ್ಣಿನಲ್ಲಿ ಪೊಟ್ಯಾಷ್ ಮೊದಲೇ ಧಾರಾಳ. ಹೆಚ್ಚಾದದ್ದು ಸಿಪ್ಪೆಗೆ ಸೇರಿ, ಹಿಸುಕಿದ ಮೇಲೆ ಟಾರ್ಟಾರಿಕ್ ಆಮ್ಲದ ಜೊತೆ ಕೂಡಿಕೊಂಡು ಹರಳಾಗಿ ತಳಕ್ಕೆ ಕೂರುತ್ತದೆ. ಪಿಎಚ್ ಏರುತ್ತದೆ. ತೋಟದಲ್ಲಿ 3.7 ಇದ್ದದ್ದು ಡ್ರಮ್ಮಿನಲ್ಲಿ 3.9 ಆಗುವುದು ಹೀಗೆ. ಎಲೆ ತೊಟ್ಟಿನ ಪರೀಕ್ಷೆ ಮಾಡಿಸದೆ ಒಂದು ಚೀಲವೂ ಬಿಡಬೇಡಿ.

ಬೂದಿ ರೋಗಕ್ಕೆ ಹೊಡೆಯುವ ಗಂಧಕವನ್ನು ಇವತ್ತೇ ನಿಲ್ಲಿಸಿ. ಕಟಾವಿಗೆ ಕನಿಷ್ಠ 35-40 ದಿನ ಅಂತರ ಬೇಕು. ಸಿಪ್ಪೆಯ ಮೇಲೆ ಉಳಿದ ಗಂಧಕವನ್ನು ಈಸ್ಟ್ ಕೊಳೆತ ಮೊಟ್ಟೆಯ ವಾಸನೆಯಾಗಿ ಮಾಡುತ್ತದೆ. ಬೋರ್ಡೋ ದ್ರಾವಣದ ತಾಮ್ರವೂ ಹಾಗೆಯೇ, ಅದು ಕಾಡು ಈಸ್ಟಿಗೆ ಕಷ್ಟ ಕೊಡುತ್ತದೆ. ಹೊರಗಿನ ಈಸ್ಟ್ ತರುವುದಿಲ್ಲ ಎಂದ ಮೇಲೆ ಸಿಪ್ಪೆಯ ಮೇಲಿನದನ್ನೂ ಔಷಧಿ ಹೊಡೆದು ಕೊಂದರೆ ಹೆಪ್ಪು ಎಲ್ಲಿಂದ ಬರಬೇಕು? ಈ ಆರು ವಾರ ಬೂದಿ ಬರದಂತೆ ನೋಡಿಕೊಳ್ಳಲು ಗೊಂಚಲಿನ ಸುತ್ತಲ ಎಲೆಗಳನ್ನು ಬೆಳಗಿನ ಬಿಸಿಲು ಬೀಳುವ ಪೂರ್ವದ ಬದಿಯಲ್ಲಿ ಮಾತ್ರ ತೆಗೆಯಿರಿ. ಪಶ್ಚಿಮದ ಕಡೆ ಮುಟ್ಟಬೇಡಿ, ಮಧ್ಯಾಹ್ನದ ಬಿಸಿಲಿಗೆ ಕಾಳು ಸುಡುತ್ತದೆ.

25 ಬ್ರಿಕ್ಸ್ ತನಕ ಕಾದದ್ದು ದೊಡ್ಡ ತಪ್ಪು. ಬ್ರಿಕ್ಸನ್ನು 0.55ರಿಂದ ಗುಣಿಸಿದರೆ ಹೆಚ್ಚುಕಡಿಮೆ ಮದ್ಯದ ಪ್ರಮಾಣ ಸಿಗುತ್ತದೆ: 25ಕ್ಕೆ ಪೌಣೆ ಹದಿನಾಲ್ಕು, 22ಕ್ಕೆ 12. ನಮ್ಮ ಬಿಸಿಲಿನಲ್ಲಿ ಸಕ್ಕರೆ ಓಡುತ್ತದೆ, ಬೀಜ ಹಿಂದೆ ಉಳಿಯುತ್ತದೆ. ಕಟಾವು ನಿರ್ಧರಿಸುವ ಅಂಕಿ ಬ್ರಿಕ್ಸ್ ಅಲ್ಲ, ಪಿಎಚ್. 3.5 ದಾಟುತ್ತಿದ್ದಂತೆ ತಯಾರಾಗಿ, 3.6ರೊಳಗೆ ಕೊಯ್ದು ಮುಗಿಸಿ. ಬ್ರಿಕ್ಸ್ 21 ಇದ್ದರೂ ಸರಿ. ಕೊನೆಯ ಹತ್ತು ದಿನ ಎರಡು ದಿನಕ್ಕೊಮ್ಮೆ ಸಾಲಿನ ಎರಡೂ ಬದಿಯಿಂದ, ಗೊಂಚಲಿನ ಮೇಲೆ-ಕೆಳಗೆ ಬೇರೆ ಬೇರೆ ಜಾಗದಿಂದ ನೂರು ಕಾಳು ಕಿತ್ತು ಹಿಸುಕಿ ಅಳೆಯಿರಿ. ಒಂದೇ ಗೊಂಚಲಿನ ರಸ ನೋಡಿ ತೀರ್ಮಾನಿಸಬೇಡಿ. ಪಿಎಚ್ ಮೀಟರನ್ನು ಅಳೆಯುವ ದಿನವೇ ಪಿಎಚ್ 4 ಮತ್ತು 7ರ ದ್ರಾವಣದಲ್ಲಿ ಹೊಂದಿಸಬೇಕು. ಬಣ್ಣದ ಕಾಗದ ಕೆಂಪು ರಸಕ್ಕೆ ಕೆಲಸಕ್ಕೆ ಬಾರದು.

ಆಮ್ಲ ಹಾಕಲೇಬಾರದು ಎನ್ನುವವರಿಗೆ ಒಂದು ದಾರಿ ಇದೆ: ಎರಡು ಕಟಾವು. ನೂರಕ್ಕೆ ಇಪ್ಪತ್ತು ಪಾಲು ಹಣ್ಣನ್ನು ಎರಡು ವಾರ ಮೊದಲೇ 17-18 ಬ್ರಿಕ್ಸ್‌ನಲ್ಲಿ, ಪಿಎಚ್ 3.2ರ ಆಸುಪಾಸಿನಲ್ಲಿ ಕೊಯ್ದು, ಸಿಪ್ಪೆ ಇಲ್ಲದೆ ರಸ ಮಾತ್ರ ಹಿಂಡಿ ಹುದುಗಿಸಿ. ಅದು ತೆಳು ಗುಲಾಬಿ ಬಣ್ಣದ, ಹಲ್ಲು ಜುಮ್ಮೆನಿಸುವ ವೈನ್ ಆಗುತ್ತದೆ. ಕುಡಿಯಲು ಅಲ್ಲ, ಬೆರೆಸಲು. ಮುಖ್ಯ ಕಟಾವಿನ ಡ್ರಮ್ಮು ಕುದಿಯಲು ಶುರುವಾದಾಗಲೇ ಇದನ್ನು ಸೇರಿಸಿದರೆ ಆಮ್ಲ ಪೂರ್ತಿ ನಿಮ್ಮ ಬಳ್ಳಿಯದೇ. ಎಷ್ಟು ಸೇರಿಸಬೇಕೆಂದು ಲೋಟದಲ್ಲಿ ಬೆರೆಸಿ ಅಳೆದೇ ತಿಳಿಯಬೇಕು, ಪಿಎಚ್‌ಗೆ ಸರಾಸರಿ ಲೆಕ್ಕ ನಡೆಯುವುದಿಲ್ಲ.

ಬೀದರಿನ ಎತ್ತರದ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ರಾತ್ರಿ ಇನ್ನಷ್ಟು ತಂಪು, ಆಮ್ಲ ಸ್ವಲ್ಪ ಹೆಚ್ಚು ದಿನ ನಿಲ್ಲುತ್ತದೆ. ಆಳಂದದ ಕರಿ ನೆಲಕ್ಕೆ ಅದೇ ದಿನಾಂಕ ಇಟ್ಟುಕೊಳ್ಳಬೇಡಿ.


ಆಳಂದ_ಬಳ್ಳಿ:

ಭಾಳ ಉಪಕಾರ ಆಯ್ತು ಇಬ್ಬರಿಗೂ. 0:0:50 ಹೋದ ಸಲ ಎರಡು ಸಲ ಬಿಟ್ಟಿತ್ತು, ಈ ಸಲ ಬಂದ್.

ಎರಡು ಕೇಳೋದು ಅದ. ತಂಪು ಮಾಡಲಿಕ್ಕೆ ವಾಡೆದಾಗ ಹಳೆ ಹಗೇವು (ಜೋಳ ತುಂಬೋ ನೆಲದೊಳಗಿನ ಕುಣಿ) ಅದ, ಹತ್ತು ಅಡಿ ಆಳ, ಒಳಗ ತಂಪು. ಡ್ರಮ್ಮು ಅದರಾಗ ಇಳಿಸಿದ್ರ ಹ್ಯಾಂಗ? ಇಲ್ಲಂದ್ರ ಶಹಾಬಾದ್ ಕಲ್ಲಿನ ನೀರಿನ ತೊಟ್ಟಿ ಖಾಲಿ ಅದ, ಹಣ್ಣು ಸೀದಾ ಅದರಾಗೇ ತುಳಿಬಹುದಾ? ಮತ್ತ ಹುಣಸಿ ಹಣ್ಣಿನಾಗ ಟಾರ್ಟಾರಿಕ್ ಇರ್ತದಂತ, ಊರಾಗಿನದೇ ಹುಣಸಿ ಹಾಕಿದ್ರ ‘ಹೊರಗಿನದು’ ಅಂತ ಆಗಲ್ಲಲ್ಲ?


ಯಾದಗಿರಿ_ಬಿಸಿಲು:

ಹಗೇವಿನಾಗ ಬ್ಯಾಡ್ರಿ, ಬ್ಯಾಡ್ರಿ, ಬ್ಯಾಡ್ರಿ. ಮೊದಲು ಇದು ತಿಳ್ಕೋರಿ, ಉಳಿದದ್ದು ಆಮ್ಯಾಲ.

ಒಂದು ಲೀಟರ್ ರಸ ಪೂರಾ ಕುದ್ರ 50 ಲೀಟರಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡತದ. ಒಂದು ಡ್ರಮ್ಮಿನಿಂದ ಐದಾರು ಸಾವಿರ ಲೀಟರ್ ಮ್ಯಾಲಾತು. ಅದು ಗಾಳಿಗಿಂತ ತೂಕ, ಬಾವಿಗೆ ನೀರು ತುಂಬಿದಂಗ ತಳದಿಂದ ತುಂಬತದ, ತಾನಾಗಿ ಹೊರಗ ಬರಲ್ಲ. ಬಣ್ಣ ಇಲ್ಲ, ವಾಸನಿ ಇಲ್ಲ. ಸಿಪ್ಪೆ ಒತ್ತಲಿಕ್ಕೆ ಇಳದವ ಎರಡು ಉಸಿರಿಗೆ ಬೀಳಬಹುದು, ಅವನ್ನ ಎತ್ತಲಿಕ್ಕೆ ಇಳದವನೂ ಬೀಳತಾನ. ಜೋಳದ ಹಗೇವು ತೆರದ ಕೂಡಲೇ ಹಿರ್ಯಾರು ಯಾರನ್ನೂ ಇಳಸತಿದ್ದಿಲ್ಲ, ಬಾಯಿ ತೆಗದು ಹೊತ್ತು ಬಿಡತಿದ್ರು. ಕುದಿಯೋ ಡ್ರಮ್ಮು ಇದ್ರ ಎಷ್ಟು ಹೊತ್ತು ಬಿಟ್ರೂ ಗಾಳಿ ಸಾಫ್ ಆಗಲ್ಲ. ಕಂದೀಲು ಇಳಿಸಿ ನೋಡತೀವಿ ಅನ್ನೋದೂ ನಂಬಬ್ಯಾಡ್ರಿ, ದೀಪ ಆರೋ ಮೊದಲೇ ಮನಿಷಾ ತಪ್ಪಿ ಬೀಳೋವಷ್ಟು ಈ ಗ್ಯಾಸ್ ಇರಬಹುದು. ಕೋಣ್ಯಾಗ ಮಾಡಿದ್ರೂ ನೆಲದ ಮಟ್ಟಕ್ಕ ಬಾಗಿಲು ಅಥವಾ ಕಿಂಡಿ ತೆರದಿರಬೇಕು, ಅಲ್ಲಿ ಮಕ್ಕಳು ಮಲಗಬಾರದು.

ಕಲ್ಲಿನ ತೊಟ್ಟಿನೂ ಬ್ಯಾಡ. ಶಹಾಬಾದ್ ಕಲ್ಲು ಅಂದ್ರ ಸುಣ್ಣದ ಕಲ್ಲು. ಅದರ ಮ್ಯಾಲ ಲಿಂಬಿ ಹಿಂಡಿ ನೋಡ್ರಿ, ಹೊಳಪು ಹೋಗಿ ಮಬ್ಬಾಗತದ. ದ್ರಾಕ್ಷಿ ರಸಾನೂ ಹಂಗೇ ಕಲ್ಲು ತಿಂತದ, ಇದ್ದ ಆಮ್ಲ ಸುಣ್ಣಕ್ಕ ಹೋಗಿ ಪಿಎಚ್ ನಾಕು ದಾಟತದ. ಸಿಮೆಂಟ್ ಗಿಲಾವೂ ಅದೇ ಕಥಿ. ನೆಲಕ್ಕ ಹಾಸಿದ್ದರ ಮ್ಯಾಲ ಡ್ರಮ್ಮು ಇಡೋದು ಛಲೋ, ಚೆಲ್ಲಿದ ರಸ ಕೂಡಲೇ ತೊಳೀರಿ ಅಷ್ಟೇ. ಬೆಲ್ಲದ ಕೊಪ್ಪರಿಗಿ, ಹಿತ್ತಾಳಿ, ಹಾಲಿನ ಅಲ್ಯೂಮಿನಿಯಂ ಕ್ಯಾನ್ ಯಾವದೂ ನಡಿಯಲ್ಲ. ಸ್ಟೀಲ್, ಗಾಜು, ಆಹಾರಕ್ಕಂತ ಮಾಡಿದ ಹೊಸ ಪ್ಲಾಸ್ಟಿಕ್ ಡ್ರಮ್ಮು, ಇಷ್ಟೇ. ಔಷಧ ಬಂದ ನೀಲಿ ಡ್ರಮ್ಮು ನೂರು ಸಲ ತೊಳದ್ರೂ ಬ್ಯಾಡ.

ತಂಪಿಗೆ ಸೋವಿ ದಾರಿ ಮಂಜಿನ ಬಾಟಲಿ. 2 ಲೀಟರ್ ಬಾಟಲಿ ಹತ್ತನೇ ಒಂಬತ್ತು ಪಾಲು ತುಂಬಿ ಡೀಪ್ ಫ್ರೀಜರಿನಾಗ ಗಟ್ಟಿ ಮಾಡ್ರಿ, ಪೂರಾ ತುಂಬಿದ್ರ ಒಡೀತದ. ಒಂದು ಬಾಟಲಿ ಪೂರಾ ಕರಗಿದ್ರ 140 ಕೆಜಿ ಹಣ್ಣು ಒಂದೂವರಿ ಡಿಗ್ರಿ ಇಳೀತದ. ಜೋರು ಕುದಿಯೋ ದಿನ ಐದಾರು ಬ್ರಿಕ್ಸ್ ಇಳೀತದ, ಅಂದ್ರ ಆರೇಳು ಡಿಗ್ರಿ ಶಾಖ. ಡ್ರಮ್ಮಿಗೆ ದಿನಕ್ಕ ನಾಕೈದು ಬಾಟಲಿ ಬೇಕು, ಮೂರು ಡ್ರಮ್ಮಿಗೆ ಹದಿನೈದು. ಒಂದು ಸರದಿ ಒಳಗ ಇರೋವಾಗ ಇನ್ನೊಂದು ಗಟ್ಟಿ ಆಗತಿರಬೇಕು, ಅದಕ್ಕ ಮೂವತ್ತು ಬಾಟಲಿ, ಕಟಾವಿಗೆ ಒಂದು ವಾರ ಮೊದಲೇ. ಮನಿ ಫ್ರಿಜ್ಜಿನ ಮ್ಯಾಲಿನ ಖಾನಾ ಇದಕ್ಕ ಸಾಲಲ್ಲ. ಹಾಕೋ ಮುಂದ ಬಾಟಲಿ ಮೈ ತೊಳೀರಿ, ಬೂಚು ಬಿಗಿ ಇದ್ದದ್ದು ನೋಡ್ರಿ. ಲೇಬಲ್ ಕಿತ್ತಿರಿ, ಅದರ ಅಂಟು ರಸಕ್ಕ ಬಿಡತದ.

ಡ್ರಮ್ಮಿನ ಸುತ್ತ ತೊಯ್ಸಿದ ಗೋಣಿ ತಟ್ಟು ಸುತ್ತಿ ಫ್ಯಾನ್ ಹಚ್ಚಿದ್ರ ಈ ಒಣ ಹವಾಕ್ಕ ಛಲೋ ಕೆಲಸ ಮಾಡತದ. ಸ್ಟೀಲಿಗೆ ಹೆಚ್ಚು, ಪ್ಲಾಸ್ಟಿಕ್ಕಿಗೆ ಕಡಿಮಿ, ಅದು ದಪ್ಪ, ಶಾಖ ಜಲ್ದಿ ಬಿಡಲ್ಲ. ಗೋಣಿ ನೀರು ಡ್ರಮ್ಮಿನ ಬಾಯಾಗ ಹನಿಬಾರದು.

ಹುಣಸಿ ಬಗ್ಗಿ: ಟಾರ್ಟಾರಿಕ್ ಇರ್ತದ, ಖರೆ. ಜೊತಿಗೆ ಸಕ್ಕರಿ, ಅಂಟು, ಕಂದು ಬಣ್ಣನೂ ಇರ್ತದ. ಎಷ್ಟು ಹಾಕಿದ್ರ ಎಷ್ಟು ಆಮ್ಲ ಅನ್ನೋ ಅಂದಾಜು ಸಿಗಲ್ಲ, ವೈನ್ ತಿಳಿ ಆಗಲ್ಲ. ಸಾರಿಗೆ ಇರಲಿ ಅದು. ಲಿಂಬಿನೂ ಬ್ಯಾಡ, ಸಿಟ್ರಿಕ್ ಆಮ್ಲ ಬ್ಯಾಕ್ಟೀರಿಯಾ ತಿಂದು ಶಿರ್ಕಾ ಕಡೆ ಒಯ್ತಾವ. ಹಾಕಲೇಬೇಕಂದ್ರ ವೈನಿಗೆ ಬಳಸೋ ಟಾರ್ಟಾರಿಕ್ ಪುಡಿ, ಲೀಟರಿಗೆ 1 ಗ್ರಾಂ ಹಾಕಿದ್ರ ಪಿಎಚ್ ಹೆಚ್ಚುಕಡಿಮಿ 0.1 ಇಳೀತದ. ಹಾಕೋದು ಕುದಿ ಶುರುವಾಗೋ ಮೊದಲೇ, ಮುಗದ ಮ್ಯಾಲ ಅಲ್ಲ. ಆ ಪುಡಿ ದ್ರಾಕ್ಷಿ ವೈನಿನ ಗಸಿಯಿಂದಲೇ ತೆಗದದ್ದೂ ಸಿಗತದ, ಅದನ್ನ ಹುಡಕ್ರಿ.

ಓದೋ ಬ್ಯಾರೆಯವರಿಗೆ ಒಂದು ಮಾತು. ಆಳಂದದವರ ಬಲ್ಲಿ ಪರವಾನಗಿ ಅದ. ಇಲ್ಲದವರು 1965ರ ಕರ್ನಾಟಕ ಅಬಕಾರಿ ಕಾಯ್ದೆ ಓದಿಕೊಂಡು ಮುಂದಿನ ಹೆಜ್ಜಿ ಇಡ್ರಿ, ಮಾರೋದಷ್ಟೇ ಅಲ್ಲ, ತಯಾರಿಸಲಿಕ್ಕೂ ಪರವಾನಗಿ ಬೇಕು.


ಸೊನ್ನೆ_ಗಂಧಕ:

ಮೂರನೇ ಡ್ರಮ್ಮಿನ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ. ಅದಕ್ಕೆ ಹೆಸರೇ ಇಲಿ ದೋಷ. ಮೂಗಿಗೆ ಸಿಗದೆ ನುಂಗಿದ ಮೇಲೆ ಏಳುವುದೇ ಅದರ ಗುರುತು. ವೈನಿನ ಆಮ್ಲದಲ್ಲಿ ಆ ವಸ್ತು ಆವಿಯಾಗುವುದಿಲ್ಲ, ಬಾಯಿಯ ಎಂಜಲು ಆಮ್ಲವನ್ನು ಇಳಿಸಿದಾಗ ಬಿಡುಗಡೆಯಾಗುತ್ತದೆ. ಎಂಜಲಿನ ಪಿಎಚ್ ಒಬ್ಬೊಬ್ಬರದು ಒಂದೊಂದು, ಅದಕ್ಕೆ ಮನೆಯಲ್ಲಿ ಒಬ್ಬರಿಗೆ ಹತ್ತುತ್ತದೆ, ಇನ್ನೊಬ್ಬರು ‘ಏನೂ ಇಲ್ಲ, ಚೆನ್ನಾಗಿದೆ’ ಎನ್ನುತ್ತಾರೆ. ಪರೀಕ್ಷೆ ಸುಲಭ: ಅಂಗೈ ಮೇಲೆ ನಾಲ್ಕು ಹನಿ ವೈನ್, ಒಂದು ಚಿಟಿಕೆ ಅಡುಗೆ ಸೋಡಾ. ನೊರೆ ನಿಂತ ಮೇಲೆ ಎರಡೂ ಅಂಗೈ ಉಜ್ಜಿ ಮೂಸಿ. ಇಲಿ ಹಿಕ್ಕೆ, ಹಳೆ ಪಾಪ್‌ಕಾರ್ನ್, ಕೆಲವೊಮ್ಮೆ ಅನ್ನದ ವಾಸನೆ. ಅನ್ನ ಎಂದದ್ದು ಸುಮ್ಮನೆ ಅಲ್ಲ, ಈ ದೋಷ ತರುವ ಮೂರು ವಸ್ತುಗಳಲ್ಲಿ ಒಂದು ಬಾಸ್ಮತಿಗೆ ಘಮ ಕೊಡುವ ವಸ್ತುವೇ. ತಟ್ಟೆಯಲ್ಲಿ ಪರಿಮಳ, ಲೋಟದಲ್ಲಿ ರೋಗ.

ಕಾರಣ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಅಥವಾ ಬ್ರೆಟ್ ಎಂಬ ವೈನ್ ಕೆಡಿಸುವ ಈಸ್ಟ್, ಜೊತೆಗೆ ಗಾಳಿ. ಹೆಚ್ಚು ಪಿಎಚ್, ಬಿಸಿ, ಗಂಧಕ ಇಲ್ಲ: ಅವಕ್ಕೆ ಬೇಕಾದ ಮೂರೂ ನಿಮ್ಮ ಡ್ರಮ್ಮಿನಲ್ಲಿತ್ತು. ಬಂದ ಮೇಲೆ ತೆಗೆಯುವ ದಾರಿ ಇಲ್ಲ. ಒಳ್ಳೆಯದರ ಜೊತೆ ಬೆರೆಸಿದರೆ ಒಳ್ಳೆಯದೂ ಹೋಯಿತು.

ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ ನಾನು ಯಾವ ಪಕ್ಷ ಎಂದು. ಆದರೂ ಹೇಳುತ್ತೇನೆ, ಸೊನ್ನೆ ಗಂಧಕ ಎಲ್ಲ ಹಣ್ಣಿಗೂ ಅಲ್ಲ. ಪಿಎಚ್ 3.5ರ ಒಳಗೆ, ಸಕ್ಕರೆ ಪೂರ್ತಿ ಮುಗಿದು, ಸಂಗ್ರಹ 15-16 ಡಿಗ್ರಿಯಲ್ಲಿ, ಕುಡಿದು ಮುಗಿಸುವುದು ಆ ವರ್ಷದೊಳಗೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಹಠ ಬಿಡಿ.


ಕೆಮ್ಮಣ್ಣು_ಬೀದರ್:

ಒಪ್ಪಿದೆ. ಅದರ ಮೇಲೆ ಒಂದು ಲೆಕ್ಕ. ಹಾಕಿದ ಗಂಧಕದಲ್ಲಿ ಕೆಲಸ ಮಾಡುವ ಪಾಲು ಪಿಎಚ್ ಮೇಲೆ ನಿಂತಿದೆ. ಬಿಡಿಯಾಗಿರುವ ಗಂಧಕದ ಡೈಆಕ್ಸೈಡಿನಲ್ಲಿ 3.5 ಪಿಎಚ್‌ಗೆ ನೂರಕ್ಕೆ 2 ಪಾಲು ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, 3.9ಕ್ಕೆ 0.8 ಮಾತ್ರ. ಅಂದರೆ 3.9ರ ವೈನಿಗೆ ‘ಚೂರೇ ಚೂರು ಹಾಕಿದ್ದೇವೆ’ ಎಂದರೆ ಹಾಕದ ಹಾಗೆಯೇ. ಬಳ್ಳಿಯಲ್ಲಿ ಪಿಎಚ್ ಸರಿ ಮಾಡದವರು ಕೊನೆಗೆ ಎರಡೂವರೆ ಪಟ್ಟು ಗಂಧಕ ಸುರಿಯಬೇಕಾಗುತ್ತದೆ.

ನೈಸರ್ಗಿಕ ವೈನ್ ಎಂದರೆ ಸೊನ್ನೆಯೇ ಎಂಬ ನಿಯಮವೂ ಇಲ್ಲ. ಫ್ರಾನ್ಸಿನಲ್ಲಿ 2020ರಲ್ಲಿ ಬಂದ ‘ವ್ಯಾಂ ಮೆತೋದ್ ನಾತ್ಯೂರ್’ ಗುರುತಿನಲ್ಲೇ ಎರಡು ಬಗೆ ಇವೆ, ಗಂಧಕ ಹಾಕದ್ದು ಒಂದು, ಲೀಟರಿಗೆ 30 ಮಿಲಿಗ್ರಾಂ ಒಳಗಿನದು ಇನ್ನೊಂದು. ಈಸ್ಟ್ ತಾನೇ ಒಂದಿಷ್ಟು ಗಂಧಕದ ಡೈಆಕ್ಸೈಡ್ ಮಾಡುತ್ತದೆ ಎಂಬುದೂ ನೆನಪಿರಲಿ.

ಹಾಕುವುದಾದರೆ ಒಂದೇ ಸಲ, ಬಾಟಲಿಗೆ ಮುನ್ನ. ಗಂಧಕಕ್ಕಾಗಿ ಹಾಕುವ ಪುಡಿ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್‌ನಲ್ಲಿ ನೂರಕ್ಕೆ 57ರಷ್ಟು ಗಂಧಕದ ಡೈಆಕ್ಸೈಡ್ ಇರುತ್ತದೆ. 100 ಲೀಟರ್ ವೈನನ್ನು ಲೀಟರಿಗೆ 25 ಮಿಲಿಗ್ರಾಂ ಮಟ್ಟಕ್ಕೆ ತರಲು 4.4 ಗ್ರಾಂ ಪುಡಿ. ಚಮಚದ ಅಳತೆ ಬೇಡ, ಬಂಗಾರ ತೂಗುವ ಸಣ್ಣ ತಕ್ಕಡಿ ಬೇಕು. ಪುಡಿ ಹೊಸದಿರಲಿ, ಬಾಯಿ ತೆರೆದು ವರ್ಷ ಇಟ್ಟದ್ದು ಅರ್ಧ ಸತ್ತಿರುತ್ತದೆ.


ಹೆಪ್ಪಿನ_ಗಡಿಗಿ:

ಎರಡನೇ ಡ್ರಮ್ಮು ಕೆಟ್ಟದ್ದು ಕುದಿಯೋವಾಗ ಅಲ್ಲ, ಮುಗದ ಮ್ಯಾಲ. ಕುದಿ ಇರೋ ತನಕ ಗ್ಯಾಸ್ ಮ್ಯಾಲ ಹೊದ್ದುಕೊಂಡು ಕಾಯತದ, ನಿಂತ ದಿನದಿಂದ ಗಾಳಿ ಒಳಗ ಬರತದ. ಸಾಂದ್ರತೆ 1.005ರ ಹತ್ರ ಬಂದಾಗಲೇ ಹಿಂಡಿ ಬಿಡ್ರಿ, ಏಳನೇ ದಿನದ ಒಳಗ ಬರತದ. ಸಿಪ್ಪೆ ಜೊತಿ ಹೆಚ್ಚು ದಿನ ಬಿಟ್ಟಷ್ಟೂ ಪೊಟ್ಯಾಷ್ ಹೆಚ್ಚು ಬಿಡತದ. 100 ಕೆಜಿಗೆ 60-65 ಲೀಟರ್ ಸಿಗತದ. ಉಳಿದ ಸಕ್ಕರಿ ಗಾಜಿನ ಜಾರಿನಾಗ ಗಾಳಿ ಬೂಚು (ಗ್ಯಾಸ್ ಹೊರಗ ಬಿಟ್ಟು ಗಾಳಿ ಒಳಗ ಬಿಡದ ಬೂಚು) ಹಚ್ಚಿ ಮುಗೀಲಿ. ಜಾರು ಕತ್ತಿನ ತನಕ ತುಂಬಿರಬೇಕು, ಬೂಚಿಗೂ ವೈನಿಗೂ ಎರಡು ಬೆರಳು ಅಷ್ಟೇ. ಉಳದದ್ದು 5 ಲೀಟರ್, 2 ಲೀಟರ್, 750 ಮಿಲೀ ಬಾಟಲಿಗೆ ಹಂಚ್ರಿ, ಅರ್ಧ ಜಾರು ಅನ್ನೋದು ಇರಲೇಬಾರದು. ಕುಡಿಯೋ ನೀರಿನ 20 ಲೀಟರ್ ಪ್ಲಾಸ್ಟಿಕ್ ಕ್ಯಾನ್ ಎರಡು ಮೂರು ವಾರಕ್ಕ ನಡೀತದ, ತಿಂಗಳುಗಟ್ಟಲೆ ಇಟ್ರ ಅದರ ಮೈಯಿಂದ ಗಾಳಿ ಒಳಗ ಹೋಗತದ.

ಏಪ್ರಿಲ್-ಮೇದಾಗ ಕಲ್ಲಿನ ಮನಿ ಒಳಗೂ 32-34 ಇರ್ತದ. ಅದರಾಗ ಯಾವ ವೈನೂ ಉಳಿಯಲ್ಲ. ಹಳೆ ಡೀಪ್ ಫ್ರೀಜರ್ ಒಂದು, ಅದಕ್ಕ ಹೊರಗಿನ ಟೆಂಪರೇಚರ್ ಕಂಟ್ರೋಲರ್ ಹಚ್ಚಿ 16ಕ್ಕ ಇಟ್ರ ಐದಾರು ಜಾರು ಆರಾಮ ಕೂಡತಾವ. ಕರೆಂಟ್ ನಾಕು ತಾಸು ಹೋದ್ರೂ ನೂರು ಲೀಟರ್ ವೈನ್ ತಾನೇ ತಂಪು ಹಿಡಕೊಂಡಿರತದ, ಬಾಗಿಲು ಮಾತ್ರ ತೆಗಿಬ್ಯಾಡ್ರಿ. 20 ಲೀಟರ್ ಜಾರು 20ರಿಂದ 35ಕ್ಕ ಏರಿದ್ರ ನೂರು ಮಿಲೀ ಹತ್ರ ಉಬ್ಬತದ, ಬೂಚು ಎತ್ತತದ, ರಾತ್ರಿ ತಂಪಾದಾಗ ಗಾಳಿ ಎಳಕೋತದ. ಬಿಳಿ ಪೊರೆ ಹಂಗೇ ಹುಟ್ಟೋದು.

ಆದ್ರ ಒಮ್ಮೆಲೇ 16ಕ್ಕ ಇಳಸಬ್ಯಾಡ್ರಿ. ಮ್ಯಾಲಿಕ್ ಆಮ್ಲ ಲ್ಯಾಕ್ಟಿಕ್ ಆಗೋ ಎರಡನೇ ಸುತ್ತು 20-22 ಡಿಗ್ರಿಗೆ ಮೂರರಿಂದ ಆರು ವಾರ ಹಿಡೀತದ, ಅದು ಮುಗೀಬೇಕು. ಮುಗದದ್ದು ಕಾಗದದ ಕ್ರೊಮ್ಯಾಟೋಗ್ರಫಿ ಕಿಟ್‌ನಿಂದ (ಯಾವ ಆಮ್ಲ ಉಳದದ ಅಂತ ಕಾಗದದ ಮ್ಯಾಲ ತೋರಸೋದು) ನೋಡ್ರಿ. ಮುಗಿಯೋ ಮೊದಲು ಬಾಟಲಿ ಮಾಡಿದ್ರ ಒಳಗ ಮತ್ತ ಗ್ಯಾಸ್ ಹುಟ್ಟಿ ಬೂಚು ಹಾರತದ.

ಈ ಸಲನೂ ಡ್ರಮ್ಮು ನಿಂತ್ರ ಹೆಪ್ಪು ತಂದು ನಿಂತ ಡ್ರಮ್ಮಿಗೆ ಸುರಿಬ್ಯಾಡ್ರಿ, ಅಷ್ಟು ಮದ್ಯಕ್ಕ ಹೆಪ್ಪು ಬಿದ್ದ ಕೂಡಲೇ ಸಾಯತದ. ಉಲ್ಟಾ ಮಾಡ್ರಿ. ಮೊದಲು ಸಿಪ್ಪೆ ಹಿಂಡಿ ತೆಗದು ವೈನ್ 24ಕ್ಕ ತಣ್ಣಗ ಮಾಡ್ರಿ. ಜೋರು ಕುದಿಯೋ ಇನ್ನೊಂದು ಡ್ರಮ್ಮಿನಿಂದ 2 ಲೀಟರ್ ತಗೊಂಡು ಅದಕ್ಕ ನಿಂತ ವೈನ್ 2 ಲೀಟರ್ ಹಾಕ್ರಿ. 12 ತಾಸು ಬಿಟ್ಟು ಹೈಡ್ರೋಮೀಟರ್ ಇಳದದ್ದು ಕಂಡ್ರ ಮತ್ತ 4, ಆಮ್ಯಾಲ 8, 16, ಹಿಂಗ ದುಪ್ಪಟ್ಟು. ಇಳೀಲಿಲ್ಲ ಅಂದ್ರ ಅಲ್ಲೇ ನಿಲ್ರಿ, ಇಳಿಯೋ ತನಕ ಕಾಯ್ರಿ. ಅದಕ್ಕೇ ಮೂರೂ ಡ್ರಮ್ಮು ಒಂದೇ ದಿನ ಶುರು ಮಾಡಬ್ಯಾಡ್ರಿ. ಎರಡೆರಡು ದಿನ ಹಿಂದಮುಂದ ಇಟ್ರ ಒಂದು ಮಲಗಿದಾಗ ಇನ್ನೊಂದು ಎದ್ದಿರತದ, ಮಂಜಿನ ಬಾಟಲಿನೂ ಸರದಿಗೆ ಸಾಲತಾವ.